ಮೊದಲ ಸರ್ವೀಸ್‌ಗೇ ಸಿಂಥೆಟಿಕ್ ಆಯಿಲ್ ಬೇಕಾ?

ಹೊಸ ಬೈಕಿನ ಮೊದಲ ಸರ್ವೀಸ್ ‘ಫ್ರೀ’ ಅಂತಾರೆ. ಫ್ರೀ ಇರೋದು ಕೂಲಿ ಮಾತ್ರ, ಆಯಿಲ್ ದುಡ್ಡು ನಮ್ಮದೇ. ‘ಸಿಂಥೆಟಿಕ್ ಹಾಕ್ಸಿ, ಇಂಜಿನ್ ಬಾಳಿಕೆ ಬರುತ್ತೆ’ ಅನ್ನೋ ಮಾತು ಕೌಂಟರಿನಲ್ಲಿ ಬರೋದು ಆಗಲೇ.

ಸಿಂಥೆಟಿಕ್ ಕೆಟ್ಟದ್ದಲ್ಲ, ಬಿಸಿಗೆ ಬೇಗ ಕೆಡಲ್ಲ. ಆದರೆ 100 ಸಿಸಿ ಬೈಕಿನಲ್ಲಿ ಡೇರಿಗೆ ಹಾಲು, ಸಂತೆಗೆ ಸೊಪ್ಪು ಒಯ್ಯೋರಿಗೆ ಮ್ಯಾನುಯಲ್ ಹೇಳಿದ ಆಯಿಲ್ ಸಾಕು. ಮೊದಲ 500–1000 ಕಿ.ಮೀ.ನಲ್ಲಿ ಪಿಸ್ಟನ್ ರಿಂಗು, ಸಿಲಿಂಡರ್ ಒಂದಕ್ಕೊಂದು ಉಜ್ಜಿ ಹೊಂದಿಕೊಳ್ಳುತ್ತವೆ. ಆ ಲೋಹದ ಪುಡಿ ಆಯಿಲಿಗೆ ಸೇರುತ್ತೆ. ಅದನ್ನು ಹೊತ್ತಿಗೆ ಸರಿಯಾಗಿ ಬದಲಿಸೋದು ಮುಖ್ಯ, ದುಬಾರಿ ಡಬ್ಬಿ ಅಲ್ಲ.

ಸಿಂಥೆಟಿಕ್ಕೇ ಬೇಕು ಅನ್ನೋರು ಡಬ್ಬಿ ಮೇಲೆ ಎರಡು ನೋಡಿ. ಒಂದು, ಮ್ಯಾನುಯಲ್‌ನಲ್ಲಿರೋ ಗ್ರೇಡ್, ಉದಾಹರಣೆಗೆ 10ಡಬ್ಲ್ಯು-30. ಇನ್ನೊಂದು, ಜಾಸೋ ಎಂಎ ಅಥವಾ ಎಂಎ2 ಗುರುತು. ನಮ್ಮ ಹೆಚ್ಚಿನ ಗೇರ್ ಬೈಕುಗಳ ಕ್ಲಚ್ ಇಂಜಿನ್ ಆಯಿಲಿನಲ್ಲೇ ಮುಳುಗಿರುತ್ತೆ. ಕಾರಿನ ಆಯಿಲ್ ಹಾಕಿದರೆ ಅದು ಜಾರಬಹುದು.

ಮ್ಯಾನುಯಲ್‌ನಲ್ಲೇ ಸಿಂಥೆಟಿಕ್ ಅಂತಿದ್ದರೆ ಮರುಮಾತಿಲ್ಲದೆ ಹಾಕ್ಸಿ. ಇಲ್ಲದಿದ್ದರೆ ಬೈಕಿನ ಕಂತು ಕಟ್ಟೋರು ಯಾರು ಅನ್ನೋದು ನೆನಪಿರಲಿ. ಡಬ್ಬಿ ಒಡೆಯೋ ಮುಂಚೆ ಸಂಕೋಚ ಬಿಟ್ಟು ಕೇಳಿ: ‘ಮ್ಯಾನುಯಲ್‌ನಲ್ಲಿ ಯಾವ ಆಯಿಲ್ ಬರೆದಿದೆ, ತೋರ್ಸಿ.’