ಸಾಲಕ್ಕಿಂತ ಮೊದಲು ಮಾರುಕಟ್ಟೆ

ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ವ್ಯಾಪಾರ ಎಲ್ಲರ ಕಣ್ಣೆದುರಿಗೇ ನಡೆಯುತ್ತದೆ. ಕನಕಪುರ, ಮಾಗಡಿ, ಮಂಡ್ಯ, ಚಾಮರಾಜನಗರದ ಕಡೆಯಿಂದ ಬಂದ ರೈತರು ಗೂಡು ಸುರಿದು ಕಾಯುತ್ತಾರೆ. ಒಬ್ಬೊಬ್ಬರದೂ ಒಂದೊಂದು ಲಾಟು. ಗೂಡಿನಿಂದ ನೂಲು ಬಿಚ್ಚುವ ರೀಲರ್‌ಗಳು ಲಾಟಿನಿಂದ ಲಾಟಿಗೆ ನಡೆಯುತ್ತಾ ಒಂದು ಹಿಡಿ ಗೂಡು ಎತ್ತಿಕೊಳ್ಳುತ್ತಾರೆ. ಬೆರಳಲ್ಲಿ ಒತ್ತಿ ಗಟ್ಟಿ ಇದೆಯೇ ನೋಡುತ್ತಾರೆ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ಹುಳು ಸದ್ದು ಮಾಡಿದರೆ ಗೂಡು ಹದವಾಗಿದೆ ಎಂದರ್ಥ. ಆಮೇಲೆ ಇ-ಹರಾಜು. ಯಾರು ಹೆಚ್ಚು ದರ ಕಟ್ಟಿದರೋ ಅವರಿಗೆ ಮಾಲು. ತೂಕ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ, ಹಣ ರೈತನ ಬ್ಯಾಂಕ್ ಖಾತೆಗೆ. ಬಂದ ದರ ಒಪ್ಪಿಗೆಯಾಗದಿದ್ದರೆ ಬೇಡ ಎನ್ನುವ ಹಕ್ಕೂ ರೈತನಿಗಿದೆ.

ಈ ಏರ್ಪಾಡಿನ ಬೆಲೆ ಗೊತ್ತಾಗಬೇಕಾದರೆ ಹುಳು ಸಾಕುವ ಮನೆಯ ಲೆಕ್ಕ ಗೊತ್ತಿರಬೇಕು. ಮರಿ ಹೊರಬಂದ ದಿನದಿಂದ ಹೆಚ್ಚುಕಡಿಮೆ ಇಪ್ಪತ್ತೈದು ದಿನ ಹಿಪ್ಪುನೇರಳೆ ಸೊಪ್ಪು ಹಾಕಬೇಕು. ಹುಳು ಪೊರೆ ಬಿಡುವ ನಾಲ್ಕು ಜ್ವರ ದಾಟಿಸಬೇಕು. ಹುಳು ಹಣ್ಣಾದಾಗ ಮನೆಮಂದಿಯೆಲ್ಲ ಕೂತು ಆಯ್ದು, ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ಐದಾರು ದಿನಕ್ಕೆ ಗೂಡು ಬಿಡಿಸಿದರೆ ಮುಂದೆ ಉಳಿಯುವುದು ಕೆಲವೇ ದಿನ. ಅಷ್ಟರಲ್ಲಿ ಮಾರದಿದ್ದರೆ ಚಿಟ್ಟೆ ಗೂಡು ಕೊರೆದು ಹೊರಬರುತ್ತದೆ, ಎಳೆ ತುಂಡಾಗುತ್ತದೆ, ತಿಂಗಳ ದುಡಿಮೆ ಕಸವಾಗುತ್ತದೆ. ಇಂಥ ಮಾಲನ್ನು ಮನೆ ಬಾಗಿಲಿಗೆ ಬಂದ ದಲ್ಲಾಳಿಗೆ ಮಾರಬೇಕಾದವನು ದರ ಕೇಳುವ ಸ್ಥಿತಿಯಲ್ಲಿ ಇರುವುದಿಲ್ಲ, ಕೊಟ್ಟಷ್ಟು ತಗೊಳ್ಳುತ್ತಾನೆ. ಗೂಡಿನ ವ್ಯಾಪಾರ ಸರ್ಕಾರಿ ಮಾರುಕಟ್ಟೆಯಲ್ಲೇ ಬಹಿರಂಗ ಹರಾಜಿನಲ್ಲಿ ನಡೆಯುವಂತೆ ಮಾಡಿದ್ದು 1959ರಲ್ಲಿ ಬಂದ ರೇಷ್ಮೆ ಬಿತ್ತನೆ, ಗೂಡು ಮತ್ತು ನೂಲು ನಿಯಂತ್ರಣ ಕಾಯ್ದೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ಮಾರುಕಟ್ಟೆ ನಿಂತಿರುವುದು ಈ ಕಾಯ್ದೆಯ ಬಲದ ಮೇಲೆ. ಎಕರೆಯಷ್ಟು ತೋಟ ಇರುವವನೂ ಇಲ್ಲಿ ಉದ್ಯಮಿಯಂತೆ ಬಂದು ಹೋಗಬಲ್ಲ.

ಉದ್ಯಮಶೀಲತೆಯಿಂದ ಬಡತನ ನೀಗಿಸಬಹುದು ಎಂಬ ಮಾತು ಇಂದು ಪ್ರತಿ ಬಜೆಟ್ ಭಾಷಣದಲ್ಲೂ ಇದೆ. ಮಾತು ಸುಳ್ಳಲ್ಲ. ಆದರೆ ಅದನ್ನು ಕಾರ್ಯರೂಪಕ್ಕೆ ತರುವಾಗ ಸರ್ಕಾರಕ್ಕೂ ಬ್ಯಾಂಕಿಗೂ ಕಾಣುವುದು ಒಂದೇ ದಾರಿ: ಸಾಲ. ಬಡವನಿಗೆ ಕೊರತೆ ಇರುವುದು ಬಂಡವಾಳದ್ದು, ಅದನ್ನು ಕೊಟ್ಟರೆ ಉಳಿದದ್ದನ್ನು ಅವನೇ ನೋಡಿಕೊಳ್ಳುತ್ತಾನೆ ಎಂಬ ಎಣಿಕೆ. ಈ ಎಣಿಕೆ ಎಲ್ಲಿ ತಪ್ಪುತ್ತದೆ ಎಂಬುದನ್ನು ರಾಮನಗರ ಜಿಲ್ಲೆ, 2025ರಿಂದ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿಕೊಂಡಿರುವ ಈ ನೆಲ, ಕಷ್ಟಪಟ್ಟೇ ಕಲಿತಿದೆ.

ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕ್ ಮತ್ತು ಅದರ ಸ್ಥಾಪಕ ಮುಹಮ್ಮದ್ ಯೂನುಸ್ ಅವರಿಗೆ 2006ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂದ ಮೇಲೆ ಕಿರುಸಾಲ ಬಡತನಕ್ಕೆ ರಾಮಬಾಣ ಎಂಬ ನಂಬಿಕೆ ಹರಡಿತು. ರೇಷ್ಮೆ ಊರುಗಳ ಓಣಿ ಓಣಿಗೂ ಮೈಕ್ರೋಫೈನಾನ್ಸ್ ಕಂಪನಿಗಳು ಬಂದವು. ಮಹಿಳೆಯರ ಗುಂಪು, ವಾರದ ಕಂತು, ಒಬ್ಬರಿಗೆ ಇನ್ನೊಬ್ಬರು ಜಾಮೀನು. ಒಂದು ಕಂಪನಿಯ ಕಂತು ಕಟ್ಟಲು ಇನ್ನೊಂದರಲ್ಲಿ ಸಾಲ ಎನ್ನುವ ಮಟ್ಟಕ್ಕೆ ಅದು ಹೋಯಿತು. 2009ರಲ್ಲಿ ಕೋಲಾರ, ಶಿಡ್ಲಘಟ್ಟ, ರಾಮನಗರ, ಮೈಸೂರಿನಲ್ಲಿ ಕಟ್ಟೆ ಒಡೆಯಿತು. ಸ್ಥಳೀಯ ಮುಸ್ಲಿಂ ಸಮುದಾಯದ ಅಂಜುಮನ್ ಸಮಿತಿಗಳು ಕಂತು ಕಟ್ಟಬೇಡಿ ಎಂದವು, ವಸೂಲಿ ನಿಂತಿತು. ಮರುವರ್ಷ ಆಂಧ್ರಪ್ರದೇಶದಲ್ಲಿ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಬಿಕ್ಕಟ್ಟು ತಲೆದೋರಿತು. ಹದಿನೈದು ವರ್ಷ ಕಳೆದರೂ ಪಾಠ ತಲೆಗಿಳಿಯಲಿಲ್ಲ. ವಸೂಲಿಗಾರರ ಕಿರುಕುಳಕ್ಕೆ ಬೇಸತ್ತು ಜನ ಊರು ಬಿಡುವ, ಜೀವ ಕಳೆದುಕೊಳ್ಳುವ ಸುದ್ದಿಗಳು ರಾಜ್ಯದುದ್ದಕ್ಕೂ ಬಂದಾಗ, 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಸಾಲ ಪಡೆದ ಹೆಂಗಸರು ಬೇಜವಾಬ್ದಾರರು ಎಂದು ಇದಕ್ಕೆ ಷರಾ ಬರೆಯುವುದು ಅನ್ಯಾಯ. ಅವರ ಮನೆಯ ಕಸುಬಿನ ಲೆಕ್ಕ ನೋಡಿ.

ಸಣ್ಣ ರೀಲರ್ ಬೆಳಿಗ್ಗೆ ಗೂಡು ಕೊಳ್ಳುತ್ತಾನೆ. ಹಣವನ್ನು ಆಗಲೇ ಹೊಂದಿಸಿರಬೇಕು. ಗೂಡನ್ನು ಕುದಿಸಿ, ಕಾಟೇಜ್ ಬೇಸಿನ್‌ನಲ್ಲೋ ಚರಕದಲ್ಲೋ ನೂಲು ಬಿಚ್ಚಿ, ಒಣಗಿಸಿ, ಲಡಿ ಕಟ್ಟಬೇಕು. ಆರೇಳು ಕಿಲೊ ಗೂಡಿಗೆ ಒಂದು ಕಿಲೊ ನೂಲು. ಗೂಡಿಗೆ ಬಹಿರಂಗ ಹರಾಜು ಇದೆ, ನೂಲಿಗೆ ಅಷ್ಟು ಗಟ್ಟಿಯಾದ ಏರ್ಪಾಡಿಲ್ಲ. ರೇಷ್ಮೆ ಮಾರಾಟ ಮಂಡಳಿ 1979ರಿಂದ ಇದೆ, ಸಿಲ್ಕ್ ಎಕ್ಸ್‌ಚೇಂಜ್ ಇದೆ. ಆದರೂ ಸಣ್ಣ ರೀಲರ್‌ನ ನೂಲು ವರ್ತಕನ ಕೈಗೆ ಹೋಗುವುದೇ ಹೆಚ್ಚು, ಅದೂ ಉದ್ದರಿಯಲ್ಲಿ. ಕೊಳ್ಳುವಾಗ ರೊಕ್ಕ, ಮಾರುವಾಗ ಉದ್ದರಿ. ನಡುವಿನ ಅಷ್ಟೂ ದಿನ ಮನೆ ನಡೆಸಬೇಕು, ಮರುದಿನದ ಗೂಡಿಗೆ ದುಡ್ಡು ಹೊಂದಿಸಬೇಕು. ಆ ಸಂದಿಗೆ ಬಂದು ಕೂರುವುದೇ ಕಿರುಸಾಲ. ಅದರಿಂದ ಹೊಸ ಉದ್ಯಮ ಹುಟ್ಟುವುದಿಲ್ಲ, ಹಳೆಯದು ಇನ್ನೊಂದು ವಾರ ಉಸಿರಾಡುತ್ತದೆ ಅಷ್ಟೇ.

ಇದರ ಮೇಲೆ ದೂರದ ತೀರ್ಮಾನಗಳ ಹೊಡೆತ ಬೇರೆ. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿತು. ಚೀನಾ ನೂಲು ಅಗ್ಗವಾಯಿತು, ಗೂಡಿನ ದರ ಕುಸಿಯಿತು, ರೈತರು ಬೀದಿಗಿಳಿದರು. ಸುಂಕ ಮತ್ತೆ ಏರುವ ಹೊತ್ತಿಗೆ ಎಷ್ಟೋ ತೋಟಗಳಲ್ಲಿ ಹಿಪ್ಪುನೇರಳೆ ಕಿತ್ತಾಗಿತ್ತು. ಒಳ್ಳೆಯ ಕೆಲಸಗಾರ, ಒಳ್ಳೆಯ ಮಾಲು, ಸಕಾಲಕ್ಕೆ ಸಾಲ, ಈ ಮೂರೂ ಇದ್ದು ದೆಹಲಿಯಲ್ಲಿ ಬರೆದ ಒಂದು ಸಾಲಿನಿಂದ ನಷ್ಟವಾದರೆ, ಹೊರೆ ಹೊರುವವನು ಸಾಲಿನ ಕೊನೆಯಲ್ಲಿರುವ ಸಣ್ಣವನೇ.

ಸಾಲವೊಂದೇ ಸಾಲದು ಎಂಬುದನ್ನೇ ಅರ್ಥಶಾಸ್ತ್ರಜ್ಞರ ಲೆಕ್ಕವೂ ಹೇಳುತ್ತದೆ. 2019ರ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಜೊತೆಗಾರರೊಂದಿಗೆ ಹೈದರಾಬಾದಿನ 104 ಬಡಾವಣೆಗಳಲ್ಲಿ ಅಧ್ಯಯನ ನಡೆಸಿದ್ದರು. ಅರ್ಧದಷ್ಟು ಬಡಾವಣೆಗಳಲ್ಲಿ ಮೊದಲು ಕಿರುಸಾಲ ಶುರುವಾಯಿತು, ಉಳಿದವುಗಳಲ್ಲಿ ತಡವಾಗಿ. ಮೊದಲೇ ವ್ಯಾಪಾರವಿದ್ದ ಕೆಲವರು ಅದನ್ನು ಒಂದಿಷ್ಟು ಬೆಳೆಸಿಕೊಂಡರು. ಆದರೆ ಸರಾಸರಿ ಕುಟುಂಬದ ಖರ್ಚುವೆಚ್ಚ ಏರಲಿಲ್ಲ, ಮನೆಯಲ್ಲಿ ಹೆಣ್ಣಿನ ಮಾತಿಗೆ ಬೆಲೆಯೂ ಹೆಚ್ಚಲಿಲ್ಲ. ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ 2002ರಲ್ಲಿ ಹಿಡಿದ ದಾರಿ ಬೇರೆ: ಕಡುಬಡವರಿಗೆ ಹಸು, ಆಡಿನಂಥ ಆಸ್ತಿಯನ್ನು ಸಾಲವಾಗಿ ಅಲ್ಲದೆ ಹಾಗೇ ಕೊಟ್ಟು, ಕೆಲಕಾಲ ಊಟದ ಖರ್ಚು ನೋಡಿಕೊಂಡು, ತರಬೇತಿ ಕೊಟ್ಟು, ಎರಡು ವರ್ಷ ಜೊತೆಗಿರುವುದು. ಇದೇ ಮಾದರಿಯನ್ನು ಭಾರತವೂ ಸೇರಿದಂತೆ ಆರು ದೇಶಗಳಲ್ಲಿ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಫಲಿತಾಂಶ, ಲಾಭ ಯೋಜನೆ ಮುಗಿದ ಮೇಲೂ ಉಳಿದದ್ದನ್ನು ತೋರಿಸಿತು.

ಉದ್ಯಮ ಬೆಳೆದ ಮಾತ್ರಕ್ಕೆ ಅದರೊಳಗೆ ದುಡಿಯುವವರು ಬೆಳೆಯುತ್ತಾರೆ ಎಂದೂ ಭಾವಿಸಬೇಕಿಲ್ಲ. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಪ್ರಕಟಿಸಿದ ವರದಿ, ಕರ್ನಾಟಕದ ರೀಲಿಂಗ್ ಮತ್ತು ಟ್ವಿಸ್ಟಿಂಗ್ ಘಟಕಗಳಲ್ಲಿ ಜೀತಕ್ಕೆ ಬಿದ್ದ ಮಕ್ಕಳ ಸ್ಥಿತಿಯನ್ನು ಬಯಲಿಗಿಟ್ಟಿತು. ಹೆತ್ತವರು ಮದುವೆಗೋ ಕಾಯಿಲೆಗೋ ತೆಗೆದುಕೊಂಡ ಮುಂಗಡ ತೀರುವವರೆಗೆ ಮಕ್ಕಳು ದಿನಕ್ಕೆ ಹನ್ನೆರಡು ಗಂಟೆ, ಅದಕ್ಕಿಂತಲೂ ಹೆಚ್ಚು ದುಡಿಯುತ್ತಿದ್ದರು. ಕುದಿವ ನೀರಿನಲ್ಲಿ ಗೂಡಿನ ಎಳೆ ಹುಡುಕುವ ಬೆರಳುಗಳ ಚರ್ಮ ಸುಲಿದು ಹೋಗುತ್ತದೆ. ಕಾನೂನು, ಶಾಲೆ, ಸ್ವಯಂಸೇವಾ ಸಂಸ್ಥೆಗಳ ಒತ್ತಡದಿಂದ ಪರಿಸ್ಥಿತಿ ಸುಧಾರಿಸಿತು. ಆದರೂ ಬೇಸಿನ್ ಮುಂದೆ ಕೂತ ಹೆಂಗಸಿಗೆ ಬೇಕಾಗಿರುವುದು ಉದ್ಯಮಿಯಾಗುವ ಕನಸಿಗಿಂತ ಮೊದಲು ಸರಿಯಾದ ಕೂಲಿ, ಗಾಳಿಯಾಡುವ ಕೋಣೆ, ಇಎಸ್‌ಐ ಚೀಟಿ. ಬಡವರೆಲ್ಲರೂ ಅಂಗಡಿ ಇಡಲೇಬೇಕೆಂದಿಲ್ಲ. ತಿಂಗಳ ಕೊನೆಗೆ ತಪ್ಪದೆ ಬರುವ ಸಂಬಳವೂ ಬಡತನದಿಂದ ಆಚೆಗಿನ ದಾರಿಯೇ. ಬಿಡದಿಯ ಕಾರ್ಖಾನೆಗಳ ಕಾಯಂ ನೌಕರಿಗೆ ಜಿಲ್ಲೆಯ ಯುವಕರು ಕಾದು ನಿಲ್ಲುವುದು ಸುಮ್ಮನೆ ಅಲ್ಲ.

ಹೆದ್ದಾರಿಯಲ್ಲಿ ಹತ್ತು ಹನ್ನೆರಡು ಕಿಲೊಮೀಟರ್ ಮುಂದೆ ಹೋದರೆ ಚನ್ನಪಟ್ಟಣ. ಅಲ್ಲಿನ ಬೊಂಬೆಯ ಕಥೆ ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ. ಆಲೆ ಮರದ ತುಂಡನ್ನು ಲೇತಿಗೆ ಕಟ್ಟಿ ತಿರುಗಿಸಿ, ಉಳಿ ಹಿಡಿದು ಆಕಾರ ತೆಗೆಯುತ್ತಾರೆ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮೈಗೆ ಹತ್ತುತ್ತದೆ. ಕೊನೆಗೆ ತಾಳೆಗರಿಯಿಂದ ತಿಕ್ಕಿದರೆ ಹೊಳಪು. ಕುಂಚವಿಲ್ಲ, ಒಣಗಲು ಕಾಯುವ ಮಾತಿಲ್ಲ. ಟಿಪ್ಪುವಿನ ಕಾಲದ ಪರ್ಷಿಯನ್ ಕುಶಲಕರ್ಮಿಗಳಿಂದ ಬಂತೆಂದು ಹೇಳುವ ಈ ಕಸುಬಿಗೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಸಿಕ್ಕಿ ಎರಡು ದಶಕವಾಯಿತು. ಆದರೆ ಮಾನ್ಯತೆಯ ಕಾಗದ ಮಾಲು ಮಾರುವುದಿಲ್ಲ. ಚೀನಾದ ಪ್ಲಾಸ್ಟಿಕ್ ಆಟಿಕೆ ಪೇಟೆ ತುಂಬಿದಾಗ ಎಷ್ಟೋ ಮನೆಗಳ ಲೇತು ನಿಂತವು, ಮಕ್ಕಳು ಬೆಂಗಳೂರಿನ ದಾರಿ ಹಿಡಿದರು.

ಕಸುಬು ಮತ್ತೆ ಚಿಗುರಿದ್ದಕ್ಕೆ ಸಾಲ ಕಾರಣವಲ್ಲ. ಮಾಯಾ ಆರ್ಗ್ಯಾನಿಕ್, ವರ್ಣಂನಂಥ ಸಂಸ್ಥೆಗಳು ಕುಶಲಕರ್ಮಿಗಳ ಜೊತೆ ಕೂತು ಹೊಸ ವಿನ್ಯಾಸ ಮಾಡಿದವು. ಅರಿಸಿನ, ನೀಲಿಯಂಥ ಸಸ್ಯಬಣ್ಣಗಳಿಗೆ ಒತ್ತು ಕೊಟ್ಟವು, ದೂರದ ಗಿರಾಕಿಯನ್ನು ಹುಡುಕಿ ತಂದವು. ಬೊಂಬೆಯ ಜೊತೆ ದೀಪ, ಬಳೆ, ಅಡುಗೆಮನೆಯ ಸಾಮಾನೂ ಲೇತಿನಿಂದ ಇಳಿದವು. ಸರ್ಕಾರದ ಎರಡು ತೀರ್ಮಾನಗಳೂ ಕೈಹಿಡಿದವು. 2020ರಲ್ಲಿ ಆಟಿಕೆಗಳ ಆಮದು ಸುಂಕ ಶೇ 20ರಿಂದ ಶೇ 60ಕ್ಕೆ ಏರಿತು. 2021ರ ಜನವರಿಯಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯವಾದಾಗ, ನೋಂದಾಯಿತ ಕುಶಲಕರ್ಮಿಗಳಿಗೂ ಜಿಐ ಉತ್ಪನ್ನಗಳಿಗೂ ವಿನಾಯಿತಿ ಸಿಕ್ಕಿತು. ಆ ವಿನಾಯಿತಿ ಇಲ್ಲದಿದ್ದರೆ ಪರೀಕ್ಷೆಯ ಖರ್ಚಿಗೇ ಚನ್ನಪಟ್ಟಣದ ಸಣ್ಣ ಕಾರ್ಖಾನೆಗಳು ಬಾಗಿಲು ಹಾಕಬೇಕಾಗಿತ್ತು.

ಸಾಲಕ್ಕಿಂತ ಮೊದಲು ಮಾರುಕಟ್ಟೆ ಎಂಬ ಈ ವಿವೇಕ ಹಾಲಿನ ವಿಷಯದಲ್ಲಿ ನಾಡಿಗೆ ಯಾವತ್ತೋ ಬಂದಿದೆ. 1974ರಲ್ಲಿ ವಿಶ್ವಬ್ಯಾಂಕ್ ನೆರವಿನೊಂದಿಗೆ ಶುರುವಾದ ಡೇರಿ ಯೋಜನೆ ಮೊದಲು ಕಟ್ಟಿದ್ದು ಕೊಳ್ಳುವ ಜಾಲವನ್ನು. ಕನಕಪುರ, ಮಾಗಡಿಯ ಹಳ್ಳಿಯಲ್ಲಿ ಎರಡು ಹಸು ಸಾಕುವ ವಿಧವೆ ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುತ್ತಾಳೆ. ಜಿಡ್ಡಿನ ಅಂಶ ಅಳೆದು ಚೀಟಿ ಕೊಡುತ್ತಾರೆ, ಬಟವಾಡೆ ದಿನ ದುಡ್ಡು ಬರುತ್ತದೆ. ನಾಳೆ ಹಾಲು ಬೇಡ ಎನ್ನುವವರಿಲ್ಲ. ಆ ಭರವಸೆ ಇರುವುದರಿಂದಲೇ ಹಸುವಿಗೆ ಮಾಡಿದ ಸಾಲ ತೀರುತ್ತದೆ.

ಹಾಗಾದರೆ ಆಗಬೇಕಾದದ್ದೇನು? ಮೊದಲನೆಯದು, ಗೂಡಿಗೆ ಇರುವಂಥದೇ ನಂಬಿಕಸ್ತ ಪೇಟೆ ನೂಲಿಗೂ ಬೇಕು. ಗುಣಮಟ್ಟ ಪರೀಕ್ಷೆ, ಬಹಿರಂಗ ಹರಾಜು, ತಕ್ಷಣದ ಪಾವತಿ, ಈ ಮೂರೂ ರಾಮನಗರದಲ್ಲೇ ಸಿಗಬೇಕು. ದರ ಬಿದ್ದ ದಿನ ನೂಲನ್ನು ಅಡವಿಟ್ಟುಕೊಂಡು ಮುಂಗಡ ಕೊಡುವ ಹಣಬಲ ಮಾರಾಟ ಮಂಡಳಿಗೆ ಇರಬೇಕು. ಹಾಗಾದರೆ ಸಣ್ಣ ರೀಲರ್‌ನ ಮನೆಯವಳು ವಾರದ ಬಡ್ಡಿಯ ಬಾಗಿಲಿಗೆ ಹೋಗುವುದು ತಾನಾಗಿ ಕಡಿಮೆಯಾಗುತ್ತದೆ. ಎರಡನೆಯದು, ಚನ್ನಪಟ್ಟಣಕ್ಕೆ ಮರ. ಹದವಾದ ಆಲೆ ಮರ ಸರಿಯಾದ ಬೆಲೆಗೆ ಸಿಗದೆ ಎಂಥ ವಿನ್ಯಾಸ ಕಲಿಸಿದರೂ ವ್ಯರ್ಥ. ರೈತರ ಬದುಗಳಲ್ಲಿ ಆಲೆ ಬೆಳೆಸಿ, ಒಣಗಿಸಿ ಹದ ಮಾಡಿದ ಮರವನ್ನು ಕುಶಲಕರ್ಮಿಗಳಿಗೆ ತಲುಪಿಸುವ ಕೆಲಸವನ್ನು ಅರಣ್ಯ ಇಲಾಖೆ ಮತ್ತು ಕರಕುಶಲ ನಿಗಮ ಒಟ್ಟಿಗೆ ಹೊರಬೇಕು. ಮೂರನೆಯದು, ಸಹಾಯಧನ ಪಡೆಯುವ ಪ್ರತಿ ಘಟಕವೂ ತನ್ನ ಕೂಲಿಯವರಿಗೆ ಕನಿಷ್ಠ ವೇತನ ಕೊಟ್ಟ ದಾಖಲೆ ಒಪ್ಪಿಸಬೇಕು. ಸಾರ್ವಜನಿಕ ಹಣ ಮಾಲೀಕನಲ್ಲೇ ನಿಲ್ಲಬಾರದು.

ಸಾಲ ಬೇಡವೇ ಬೇಡ ಎಂದು ಇದರ ಅರ್ಥವಲ್ಲ. 2015ರಲ್ಲಿ ಬಂದ ಮುದ್ರಾ ಯೋಜನೆ ಇದೆ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬೊಂಬೆ ತಯಾರಿಕೆಯೂ ಒಂದು: 15 ಸಾವಿರ ರೂಪಾಯಿಯ ಸಲಕರಣೆ, ತರಬೇತಿ, ಶೇ 5ರ ಬಡ್ಡಿಗೆ ಮೊದಲು 1 ಲಕ್ಷ, ಆಮೇಲೆ 2 ಲಕ್ಷ. ಇವೆಲ್ಲ ಬಳಕೆಗೆ ಬರಲೇಬೇಕು. ಆದರೆ ಜಿಲ್ಲಾ ಬ್ಯಾಂಕರ್‌ಗಳ ಸಭೆಯಲ್ಲಿ ಎಷ್ಟು ಸಾಲ ಹಂಚಿದಿರಿ ಎಂದು ಕೇಳಿದರೆ ಸಾಲದು. ಮೂರು ವರ್ಷದ ಹಿಂದೆ ಸಾಲ ಪಡೆದವರಲ್ಲಿ ಎಷ್ಟು ಮಂದಿಯ ಕಸುಬು ಇಂದಿಗೂ ನಡೆಯುತ್ತಿದೆ, ಅವರ ಮಾಲನ್ನು ಯಾರು ಕೊಳ್ಳುತ್ತಿದ್ದಾರೆ, ಎಷ್ಟು ದಿನಕ್ಕೆ ಹಣ ಬರುತ್ತಿದೆ ಎಂಬ ಲೆಕ್ಕವನ್ನೂ ಜಿಲ್ಲಾಧಿಕಾರಿ ತಾಲ್ಲೂಕುವಾರು ಕೇಳಿ ಪಡೆಯಬೇಕು. ಆ ಪಟ್ಟಿಯನ್ನು ಪ್ರತಿ ವರ್ಷ ಜನರ ಮುಂದಿಡಬೇಕು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಶಾಸಕರು ಈ ಲೆಕ್ಕಕ್ಕಾಗಿ ಪಟ್ಟು ಹಿಡಿದರೆ, ಮುಂದಿನ ಕಂತಿನ ಸಾಲ ಯಾವ ಕಸುಬಿಗೆ ಹೋಗಬೇಕು, ಯಾವ ಕಸುಬಿಗೆ ಮೊದಲು ಪೇಟೆ ಕಟ್ಟಬೇಕು ಎಂಬುದು ಒಂದೇ ವರ್ಷದಲ್ಲಿ ಗೊತ್ತಾಗುತ್ತದೆ.