ಜರಡಿ ಆರಿಸುವ ವಿವೇಕ



ಕಳೆದ ಸುಗ್ಗಿಯ ದಿನಗಳಲ್ಲಿ ಒಂದು ಸಂಜೆ, ನಾನು ಶಾಲೆಗೆ ಬೀಗ ಹಾಕಿ ಹೊರಡುವ ಹೊತ್ತಿಗೆ ನಮ್ಮ ಕಡೆಯ ರೈತರೊಬ್ಬರು ಬಾಗಿಲ ಬಳಿ ಬಂದು ನಿಂತರು. ಅವರ ಮಕ್ಕಳಿಬ್ಬರೂ ನನ್ನ ಕೈಯಲ್ಲಿ ಅಕ್ಷರ ತಿದ್ದಿದವರು. ರತ್ನಗಿರಿಯ ಸುತ್ತಣ ಅನೇಕ ಕುಟುಂಬಗಳಂತೆ ಅವರಿಗೂ ಗಡಿಯ ಎರಡು ಕಡೆಗಳಲ್ಲಿ ನೆಲವುಂಟು. ಈಚೆಗೆ ಮೂರು ಎಕರೆ. ತಾಯಿಯ ಕಡೆಯಿಂದ ಬಂದ ಒಂದೂವರೆ ಎಕರೆ ಆಚೆಗೆ, ಶಿರಾ ತಾಲ್ಲೂಕಿನಲ್ಲಿ. 1953ರಲ್ಲಿ ರಾಯದುರ್ಗವು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿತು. 2022ರಲ್ಲಿ ಮಡಕಶಿರಾ ಅನಂತಪುರದಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಗೆರೆಗಳು ಎಷ್ಟು ಬದಲಾದರೂ ನೆಲವೂ ನೆಂಟಸ್ತಿಕೆಯೂ ಗೆರೆಯನ್ನು ನೋಡಿ ಹಂಚಿಹೋಗಲಿಲ್ಲ. ಆದ್ದರಿಂದಲೇ ನಮ್ಮವರು ಈಚೆಯ ಹೊಲಕ್ಕೆ ಅಡಂಗಲ್ ತೆಗೆಸಬೇಕು, ಆಚೆಯ ಹೊಲಕ್ಕೆ ಪಹಣಿ ತೆಗೆಸಬೇಕು.

ಆ ರೈತರಿಗೆ ಬೇಕಾಗಿದ್ದುದು ಪಹಣಿ. ಮಗನ ಮೊಬೈಲಿನಲ್ಲಿ ಹುಡುಕಿದರು. ಮೊಟ್ಟಮೊದಲು ಕಂಡದ್ದನ್ನು ಒತ್ತಿದರು. ಸರ್ಕಾರದ ಲಾಂಛನದಂತಹ ಚಿತ್ರ, ಅಚ್ಚುಕಟ್ಟಾದ ಕನ್ನಡ, ಐವತ್ತು ರೂಪಾಯಿ ಶುಲ್ಕ. ಜೊತೆಗೆ, ಪಹಣಿ ಇಳಿಸಿಕೊಳ್ಳಲು ಒಂದು ಆಪ್ ಹಾಕಿಕೊಳ್ಳಿ ಎಂಬ ಸೂಚನೆ. ಹಾಕಿಕೊಂಡರು. ಬೆಳಗಾಗುವುದರೊಳಗೆ ಕುರಿ ಮಾರಿ ಇಟ್ಟಿದ್ದ ಹದಿನಾಲ್ಕು ಸಾವಿರ ರೂಪಾಯಿ ಖಾತೆಯಲ್ಲಿ ಇರಲಿಲ್ಲ.

“ಮೇಷ್ಟ್ರೇ, ಮೊದಲ್ನೇದೇ ಸರ್ಕಾರದ್ದು ಅಂತ ನಂಬಿಬಿಟ್ಟೆ. ಮನೇಲಿ ಇನ್ನೂ ಹೇಳಿಲ್ಲ” ಎಂದರು. ಇಬ್ಬರೂ ಕುಳಿತು 1930 ಎಂಬ ಸೈಬರ್ ವಂಚನೆಯ ಸಹಾಯವಾಣಿಗೆ ಕರೆ ಮಾಡಿ ದೂರು ಬರೆಯಿಸಿದೆವು. ಆದರೆ ಒಂದು ಹಗಲು ಕಳೆದುಹೋಗಿತ್ತು. ಹಣ ಇಂದಿನವರೆಗೂ ಮರಳಿಲ್ಲ. ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. “ಕಚೇರಿಗೆ ಅಲೆಯಬೇಡಿ, ಮೊಬೈಲಿನಲ್ಲಿ ಹುಡುಕಿದರೆ ಎಲ್ಲವೂ ಸಿಗುತ್ತದೆ” ಎಂದು ಪೋಷಕರ ಸಭೆಯಲ್ಲಿ ಹೇಳಿದವನು ನಾನೇ ಅಲ್ಲವೇ? ಹುಡುಕುವುದನ್ನು ಕಲಿಸಿದೆ, ಸೋಸುವುದನ್ನು ಕಲಿಸಲಿಲ್ಲ.

ಅವರು ಒತ್ತಿದ್ದು ಜಾಹೀರಾತನ್ನು. ಹುಡುಕಾಟದ ಫಲಿತಾಂಶಗಳ ತಲೆಯ ಮೇಲೆ ಹಣ ಕೊಟ್ಟವರ ಕೊಂಡಿಯು ಕೂರುತ್ತದೆ. ಅದು ಪ್ರಾಯೋಜಿತವೆಂಬ ಮಾತು ಮೂಲೆಯಲ್ಲಿ ಸಣ್ಣಕ್ಷರದಲ್ಲಿರುತ್ತದೆ. ಈ ನಮ್ಮ ಮಾಸಪತ್ರಿಕೆಯಲ್ಲೂ ಜಾಹೀರಾತುಗಳುಂಟು. ಬಟ್ಟೆ ಅಂಗಡಿಯವರದೋ ಬೀಜ ಗೊಬ್ಬರದವರದೋ ಜಾಹೀರಾತು ಇಲ್ಲಿ ಅಚ್ಚಾಗುವ ಮೊದಲು ಸಂಪಾದಕರ ಕಣ್ಣಿನ ಮುಂದೆ ಹಾದುಹೋಗುತ್ತದೆ. ಜಾಲದ ಜಾಹೀರಾತು ಹಾಗಲ್ಲ. ನೀವು ಪುಟವನ್ನು ತೆರೆದ ಕ್ಷಣದಲ್ಲಿಯೇ ನಿಮಗೆ ಏನು ತೋರಿಸಬೇಕೆಂಬುದರ ಹರಾಜು ಯಂತ್ರಗಳ ನಡುವೆ ನಡೆದು, ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಆ ಹರಾಜಿನಲ್ಲಿ ಸಾಹುಕಾರನೂ ಕೂಗಬಹುದು, ಕಳ್ಳನೂ ಕೂಗಬಹುದು. ಅಮೆರಿಕದ ತನಿಖಾ ಸಂಸ್ಥೆಯಾದ ಎಫ್.ಬಿ.ಐ. 2022ರ ಡಿಸೆಂಬರ್ ತಿಂಗಳಲ್ಲಿ ಸಾರ್ವಜನಿಕ ಎಚ್ಚರಿಕೆಯೊಂದನ್ನು ಹೊರಡಿಸಿತು. ಮೋಸಗಾರರು ಹೆಸರಾಂತ ಸಂಸ್ಥೆಗಳ ವೇಷ ಧರಿಸಿ ಹುಡುಕಾಟದ ಜಾಹೀರಾತುಗಳನ್ನು ಕೊಳ್ಳುತ್ತಿರುವರೆಂದೂ, ಜನರು ಹುಡುಕುವಾಗ ಜಾಹೀರಾತು ತಡೆಯುವ ಸಾಧನವನ್ನು ಬಳಸುವುದು ಲೇಸೆಂದೂ ಅದು ತಿಳಿಸಿತು. ಜಾಹೀರಾತು ತಡೆಯುವುದು ಕೇವಲ ಕಿರಿಕಿರಿಯ ನಿವಾರಣೆಯಲ್ಲ, ಮನೆಯ ಹಣದ ಕಾವಲು ಕೂಡ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ಈ ಸಾಧನಕ್ಕೆ ಸ್ವಂತ ಬುದ್ಧಿ ಇಲ್ಲ. ಅದು ಬರಿಯ ಚೌಕಟ್ಟು. ಅದಕ್ಕೆ ಬಿಗಿಯುವ ಬಲೆಯೇ ‘ಫಿಲ್ಟರ್ ಲಿಸ್ಟ್’, ಅಂದರೆ ಸೋಸುಪಟ್ಟಿ. ಅದು ಯಾರೂ ತೆರೆದು ಓದಬಹುದಾದ ಸಾದಾ ಬರಹ. ಒಂದೊಂದು ಸಾಲಿಗೂ ಒಂದೊಂದು ನಿಯಮ: ಈ ವಿಳಾಸದಿಂದ ಬಂದದ್ದನ್ನು ಒಳಗೆ ಬಿಡಬೇಡ, ಆ ಪುಟದ ಈ ಚೌಕವನ್ನು ಮರೆಮಾಡು, ಇದೊಂದನ್ನು ಮಾತ್ರ ಬಿಡು. ದೊಡ್ಡ ಪಟ್ಟಿಗಳಲ್ಲಿ ಇಂತಹ ಸಾಲುಗಳು ಹತ್ತಾರು ಸಾವಿರ.

ಕಣ ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ರಾಗಿಯ ಜರಡಿಯಲ್ಲಿ ಕಾಳು ಕೆಳಗೆ ಇಳಿಯುತ್ತದೆ, ಕಲ್ಲುಕಡ್ಡಿ ಮೇಲೆ ಉಳಿಯುತ್ತದೆ. ಕಡಲೆಕಾಯಿಯ ಜರಡಿಗೆ ರಾಗಿ ಸುರಿದರೆ ಕಾಳಿನೊಡನೆ ಕಲ್ಲೂ ಇಳಿದುಬಿಡುತ್ತದೆ. ಹಿಟ್ಟಿನ ಜರಡಿಗೆ ಸುರಿದರೆ ಕಲ್ಲಿನೊಡನೆ ಕಾಳೂ ಮೇಲೆಯೇ ಉಳಿಯುತ್ತದೆ. ಆದ್ದರಿಂದ ಜರಡಿ ಇದೆಯೇ ಎಂಬುದಷ್ಟೇ ಪ್ರಶ್ನೆಯಲ್ಲ. ಯಾವ ಜರಡಿ ಎಂಬುದೇ ಮುಖ್ಯ.

ಈ ಪಾಠವನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ರೈತರ ಹಣ ಹೋದ ಮರುವಾರ ಶಾಲೆಯ ಕಂಪ್ಯೂಟರಿನಲ್ಲಿ ‘ಯುಬ್ಲಾಕ್ ಆರಿಜಿನ್’ ಎಂಬ ಸಾಧನವನ್ನು ಹಾಕಿಕೊಂಡೆ. ಇದು ರೇಮಂಡ್ ಹಿಲ್ ಎಂಬವರು ರಚಿಸಿದ್ದು, ಉಚಿತ. ಅದರ ಪಟ್ಟಿಗಳ ಪುಟವನ್ನು ತೆರೆದಾಗ ಹತ್ತಾರು ಹೆಸರುಗಳು ಕಂಡವು. ಹೆಚ್ಚು ಬೀಗ ಹಾಕಿದಷ್ಟೂ ಹೆಚ್ಚು ಭದ್ರವೆಂದು ಎಣಿಸಿ ಎಲ್ಲಕ್ಕೂ ಗುರುತು ಹಾಕಿಬಿಟ್ಟೆ. ಹದಿನೈದು ದಿನ ಹೆಮ್ಮೆಯಿಂದಿದ್ದೆ. ಅನಂತರ ಮಕ್ಕಳ ಒಂದು ಪ್ರವೇಶ ಪರೀಕ್ಷೆಗೆ ಅರ್ಜಿ ಸಲ್ಲಿಸುವ ಕಡೆಯ ದಿನ ಬಂತು. ಅರ್ಜಿಯ ಪುಟ ತೆರೆಯಿತು. ‘ಸಲ್ಲಿಸು’ ಎಂಬ ಗುಂಡಿ ಮಾತ್ರ ಎಷ್ಟು ಒತ್ತಿದರೂ ಅಲುಗಲಿಲ್ಲ. ಏಳು ಮಕ್ಕಳು ನನ್ನ ಹಿಂದೆ ನಿಂತು ಪರದೆಯನ್ನೇ ನೋಡುತ್ತಿದ್ದರು. ಜಾಲದ ದೋಷವೆಂದು ದೂರುತ್ತ ಒಂದು ಗಂಟೆ ಕಳೆದೆ. ಕೊನೆಗೆ ಏಳನೆಯ ತರಗತಿಯ ಹುಡುಗಿಯೊಬ್ಬಳು, “ಸಾರ್, ನೀವು ಹಾಕಿದ ಜರಡಿಯನ್ನೊಮ್ಮೆ ತೆಗೆದು ನೋಡಿ” ಎಂದಳು. ತೆಗೆದೆ. ಗುಂಡಿ ಕೆಲಸ ಮಾಡಿತು. ಒಂದು ಗಂಟೆ ತಡವಾಗಿದ್ದಿದ್ದರೆ ಏಳು ಮಕ್ಕಳ ಒಂದು ವರ್ಷವು ನನ್ನ ಅತಿಯಾದ ಜಾಗ್ರತೆಗೆ ಬಲಿಯಾಗುತ್ತಿತ್ತು.

ಪಟ್ಟಿಗಳು ಹೆಚ್ಚಾದಷ್ಟೂ ಒಂದೇ ನಿಯಮ ಮತ್ತೆ ಮತ್ತೆ ಬರುತ್ತದೆ. ಹಳೆಯ ಯಂತ್ರ ನಿಧಾನವಾಗುತ್ತದೆ. ನಿರಪರಾಧಿ ಪುಟಗಳು ಮುರಿಯುತ್ತವೆ. ಎಲ್ಲಕ್ಕಿಂತ ದೊಡ್ಡ ಕೇಡು ಬೇರೆ ಇದೆ. ಪುಟ ಮುರಿದಾಗ ಮನೆಯವರು ಬೇಸತ್ತು ಸಾಧನವನ್ನೇ ಕಿತ್ತೆಸೆಯುತ್ತಾರೆ. ಅಂದಿನಿಂದ ಮನೆಗೆ ಯಾವ ಕಾವಲೂ ಇಲ್ಲ.

ಹಾಗಾದರೆ ಯಾವುವನ್ನು ಇಟ್ಟುಕೊಳ್ಳಬೇಕು? ನಾನೀಗ ಶಾಲೆಯಲ್ಲೂ ಮನೆಯಲ್ಲೂ ಇಟ್ಟುಕೊಂಡಿರುವವು ಇಷ್ಟೇ.

ಮೊದಲನೆಯದು, ಯುಬ್ಲಾಕ್ ಆರಿಜಿನ್ ತನ್ನೊಡನೆಯೇ ತರುವ ಸ್ವಂತ ಪಟ್ಟಿಗಳು. ಅಪಾಯಕಾರಿ ತಾಣಗಳನ್ನು ಗುರುತಿಸುವ ಭಾಗವೂ, ಮುರಿದ ಪುಟಗಳನ್ನು ಸರಿಪಡಿಸುವ ಭಾಗವೂ ಇವುಗಳಲ್ಲಿವೆ.

ಎರಡನೆಯದು ‘ಈಸಿಲಿಸ್ಟ್’. ಜಾಹೀರಾತುಗಳನ್ನು ತಡೆಯುವ ಮೂಲ ಪಟ್ಟಿ ಇದು. 2005ರಲ್ಲಿ ರಿಕ್ ಪೆಟ್ನೆಲ್ ಎಂಬವರು ಇದನ್ನು ಆರಂಭಿಸಿದರು. 2009ರಲ್ಲಿ ಅವರು ತೀರಿಕೊಂಡ ಮೇಲೆಯೂ ಸ್ವಯಂಸೇವಕರು ಅದನ್ನು ಕೈಬಿಡದೆ ಮುಂದುವರಿಸಿದ್ದಾರೆ. ಕೆರೆ ಕಟ್ಟಿಸಿದವನು ಹೋದರೂ ಹೂಳೆತ್ತುವವರು ಇರುವ ಊರು ಪುಣ್ಯದ ಊರಲ್ಲವೇ?

ಮೂರನೆಯದು ‘ಈಸಿಪ್ರೈವಸಿ’. ನೀವು ಎಲ್ಲಿ ಹೋದಿರಿ, ಏನು ಓದಿದಿರಿ ಎಂದು ಪುಟದಿಂದ ಪುಟಕ್ಕೆ ಹಿಂಬಾಲಿಸುವ ಗೂಢಚಾರ ಸಂಕೇತಗಳನ್ನು ಇದು ತಡೆಯುತ್ತದೆ.

ನಾಲ್ಕನೆಯದು ಪೀಟರ್ ಲೋ ಅವರ ಪಟ್ಟಿ. ಜಾಹೀರಾತು ಕಳುಹಿಸುವ ಯಂತ್ರಗಳ ವಿಳಾಸಗಳನ್ನು ಅದು ಚಿಕ್ಕದಾಗಿ ಚೊಕ್ಕಟವಾಗಿ ಕೊಡುತ್ತದೆ.

ಐದನೆಯದು, ದುಷ್ಟ ವಿಳಾಸಗಳ ತಡೆಪಟ್ಟಿ. ಸ್ವಿಟ್ಜರ್ಲೆಂಡಿನಿಂದ ನಡೆಯುವ ‘ಯುಆರ್‌ಎಲ್‌ಹೌಸ್’ ಎಂಬ ಯೋಜನೆ ಸಂಗ್ರಹಿಸುವ ಮಾಹಿತಿ ಇದಕ್ಕೆ ಆಧಾರ. ವೈರಸ್ಸುಗಳನ್ನು ಹರಡುವ ವಿಳಾಸಗಳು ಇದರಲ್ಲಿರುತ್ತವೆ.

ಈ ಐದೂ ಸಾಧನವನ್ನು ಹಾಕಿಕೊಂಡ ಕೂಡಲೇ ತಾವಾಗಿಯೇ ಆಯ್ಕೆಯಾಗಿರುತ್ತವೆ. ನಾವು ಮಾಡಬೇಕಾದುದು ಅವನ್ನು ಕೆಡಿಸದೆ ಇರುವುದು. ನಾವು ಕೈಯಿಟ್ಟು ಸೇರಿಸಬೇಕಾದುದು ಆರನೆಯದೊಂದನ್ನು ಮಾತ್ರ, ಅದು ‘ಇಂಡಿಯನ್‌ಲಿಸ್ಟ್’. ಈಸಿಲಿಸ್ಟ್ ಮುಖ್ಯವಾಗಿ ಇಂಗ್ಲಿಷ್ ಪುಟಗಳಿಗಾಗಿ ಹುಟ್ಟಿದ್ದು. ಭಾರತದ ಭಾಷೆಗಳ ಪುಟಗಳಲ್ಲಿ ಬರುವ ಜಾಹೀರಾತುಗಳಿಗಾಗಿ ಈ ಪ್ರಾದೇಶಿಕ ಪಟ್ಟಿ ಇದೆ. ಬ್ರೌಸರಿನ ಭಾಷೆಯನ್ನು ನೋಡಿ ಪ್ರಾದೇಶಿಕ ಪಟ್ಟಿಯನ್ನು ಸಾಧನ ತಾನೇ ಆರಿಸಿಕೊಳ್ಳುತ್ತದೆ. ಆದರೆ ನಮ್ಮಲ್ಲಿ ಹೆಚ್ಚಿನವರು ಮೊಬೈಲನ್ನು ಇಂಗ್ಲಿಷಿನಲ್ಲೇ ಇಟ್ಟುಕೊಂಡಿರುತ್ತೇವೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಮೊಬೈಲಿನಲ್ಲಿ ಇಂಗ್ಲಿಷ್. ನಾವು ಏನನ್ನು ಓದುವವರೆಂಬುದು ಆ ಬಡ ಯಂತ್ರಕ್ಕೆ ಹೇಗೆ ತಿಳಿಯಬೇಕು? ‘ಪ್ರದೇಶಗಳು’ ಎಂಬ ವಿಭಾಗಕ್ಕೆ ಹೋಗಿ ನಾವೇ ಗುರುತು ಹಾಕಬೇಕು.

ಯಾರೋ ಕಳುಹಿಸಿದ, ಹೆಸರರಿಯದ ಪಟ್ಟಿಯನ್ನು ಮಾತ್ರ ಸೇರಿಸಿಕೊಳ್ಳಬೇಡಿ. ಪಟ್ಟಿಯೆಂದರೆ ಒಬ್ಬರ ಮೇಲೆ ಇಟ್ಟ ನಂಬಿಕೆ. ನೀವು ಏನನ್ನು ನೋಡಬೇಕು, ಏನನ್ನು ನೋಡಬಾರದು ಎಂಬ ಅಧಿಕಾರವನ್ನು ಅದನ್ನು ಬರೆಯುವವರಿಗೆ ಕೊಟ್ಟಂತೆ. ಸಾಧನದ ವಿಷಯದಲ್ಲೂ ಹೀಗೆಯೇ. ಹೆಸರಾಂತ ಸಾಧನಗಳನ್ನು ಅನುಕರಿಸಿದ ಐದು ನಕಲಿ ತಡೆಸಾಧನಗಳನ್ನು ಎರಡು ಕೋಟಿಗೂ ಹೆಚ್ಚು ಜನ ಹಾಕಿಕೊಂಡಿದ್ದರೆಂಬುದು 2018ರಲ್ಲಿ ಬಯಲಿಗೆ ಬಂತು. 2020ರಲ್ಲಿ ‘ನ್ಯಾನೋ ಆಡ್‌ಬ್ಲಾಕರ್’ ಎಂಬ ಒಳ್ಳೆಯ ಸಾಧನವೇ ಕೈಬದಲಾಯಿತು. ಹೊಸ ಒಡೆಯರು ಅದರೊಳಗೆ ಕಳ್ಳಸಂಕೇತವನ್ನು ಸೇರಿಸಿದರು. ಕಾವಲುಗಾರನನ್ನು ನೇಮಿಸುವಾಗ ಅವನ ಊರುಕೇರಿಯನ್ನು ವಿಚಾರಿಸಬೇಕಲ್ಲವೇ? ‘ಆರಿಜಿನ್’ ಎಂಬ ಪೂರ್ಣ ಹೆಸರನ್ನೂ ಕರ್ತೃವಿನ ಹೆಸರನ್ನೂ ನೋಡಿಯೇ ಹಾಕಿಕೊಳ್ಳಿ.

ಇನ್ನು ಎಲ್ಲಿ ಹಾಕಿಕೊಳ್ಳುವುದು ಎಂಬ ಮಾತು. ಗೂಗಲ್ ಸಂಸ್ಥೆಯು ತನ್ನ ಕ್ರೋಮ್ ಬ್ರೌಸರಿನ ನಿಯಮಗಳನ್ನು ಬದಲಿಸಿ, 2024 ಮತ್ತು 2025ರಲ್ಲಿ ಯುಬ್ಲಾಕ್ ಆರಿಜಿನ್ ಅಲ್ಲಿ ನಡೆಯದಂತೆ ಮಾಡಿತು. ಕಂಪ್ಯೂಟರಿನಲ್ಲಿ ಕ್ರೋಮ್ ಬಳಸುವವರಿಗೆ ‘ಯುಬ್ಲಾಕ್ ಆರಿಜಿನ್ ಲೈಟ್’ ಎಂಬ ಹಗುರವಾದ ರೂಪವಿದೆ. ಫೈರ್‌ಫಾಕ್ಸ್ ಬ್ರೌಸರಿನಲ್ಲಿ ಮೂಲರೂಪವೇ ನಡೆಯುತ್ತದೆ; ಆಂಡ್ರಾಯ್ಡ್ ಮೊಬೈಲಿನ ಫೈರ್‌ಫಾಕ್ಸಿನಲ್ಲೂ ನಡೆಯುತ್ತದೆ. ಆಂಡ್ರಾಯ್ಡ್ ಮೊಬೈಲಿನ ಕ್ರೋಮಿಗೆ ಇಂತಹ ಸಾಧನಗಳನ್ನು ಸೇರಿಸಲಾಗುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಜಾಲವೆಂದರೆ ಮೊಬೈಲೇ ಆದುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ನ್ಯಾಯದ ಮಾತೊಂದು ಉಳಿದಿದೆ. ಪತ್ರಿಕೆಗಳು ಜಾಹೀರಾತಿನಿಂದ ಬದುಕುತ್ತವೆ. ನೀವು ನಿತ್ಯ ಓದುವ, ನಂಬುವ ಕನ್ನಡ ಪತ್ರಿಕೆಯ ತಾಣವಿದ್ದರೆ, ಅದೊಂದಕ್ಕೆ ಮಾತ್ರ ತಡೆಯನ್ನು ತೆಗೆದಿಡಬಹುದು. ಸಾಧನದ ಚಿಹ್ನೆಯನ್ನು ಒತ್ತಿದರೆ ಕಾಣುವ ದೊಡ್ಡ ಗುಂಡಿ ಅದಕ್ಕಾಗಿಯೇ ಇದೆ. ಅರ್ಜಿಯ ಪುಟ ಮುರಿದಾಗಲೂ ಅದೇ ಗುಂಡಿಯನ್ನು ಒತ್ತಬೇಕು. ಏಳು ಮಕ್ಕಳ ಮುಂದೆ ನನಗೆ ತಿಳಿಯದೆ ಹೋದದ್ದು ಇದೇ.

ಮೊನ್ನೆ ಆ ರೈತರ ಮೊಬೈಲಿಗೂ ಈ ಏರ್ಪಾಡನ್ನು ಮಾಡಿಕೊಟ್ಟೆ. ಬಹಳ ಹೊತ್ತು ಪರದೆಯನ್ನು ನೋಡಿ, “ಮೇಷ್ಟ್ರೇ, ಇದು ಅವತ್ತೇ ಇದ್ದಿದ್ರೆ ನನ್ನ ದುಡ್ಡು ಉಳೀತಿತ್ತಾ?” ಎಂದು ಕೇಳಿದರು. ಸುಳ್ಳು ಹೇಳಲಾಗಲಿಲ್ಲ. “ಬಹುಶಃ ಉಳಿಯುತ್ತಿತ್ತು, ಆ ಜಾಹೀರಾತು ನಿಮ್ಮ ಕಣ್ಣಿಗೇ ಬೀಳುತ್ತಿರಲಿಲ್ಲ. ಆದರೆ ಅದೇ ಕೊಂಡಿಯನ್ನು ಯಾರಾದರೂ ವಾಟ್ಸಾಪಿನಲ್ಲಿ ಕಳುಹಿಸಿದ್ದರೆ, ಈ ಜರಡಿ ಹಿಡಿಯುತ್ತಿತ್ತೆಂದು ನಾನು ಮಾತು ಕೊಡಲಾರೆ” ಎಂದೆ. ಪಟ್ಟಿಯು ಯಾವಾಗಲೂ ಕಳ್ಳನ ಹಿಂದೆ ಓಡುವಂಥದು. ಇಂದು ಬೆಳಿಗ್ಗೆ ಹುಟ್ಟಿದ ಮೋಸದ ವಿಳಾಸ ನಾಳೆ ಪಟ್ಟಿಗೆ ಸೇರೀತು. ನಡುವಿನ ಒಂದು ದಿನವನ್ನು ನಮ್ಮ ಕಣ್ಣೇ ಕಾಯಬೇಕು.

ಅದಕ್ಕಾಗಿ ಈಗ ನಮ್ಮ ಶಾಲೆಯಲ್ಲಿ ಒಂದು ಪದ್ಧತಿ ಮಾಡಿದ್ದೇವೆ. ಏಳನೆಯ ತರಗತಿಯ ಮಕ್ಕಳು ಒಂದು ಹಾಳೆಯಲ್ಲಿ ದುಂಡಗಿನ ಅಕ್ಷರದಲ್ಲಿ ವಿಳಾಸಗಳನ್ನು ಬರೆಯುತ್ತಾರೆ: ಈಚೆಯ ಅಡಂಗಲಿಗೆ ಮೀಭೂಮಿ, ಆಚೆಯ ಪಹಣಿಗೆ ಭೂಮಿ, ಮನೆಯವರ ಬ್ಯಾಂಕಿನದು, ಕೊನೆಯಲ್ಲಿ 1930. ಸರ್ಕಾರದ ವಿಳಾಸದ ಕೊನೆಯಲ್ಲಿ ಜಿ.ಓ.ವಿ., ಚುಕ್ಕಿ, ಐ.ಎನ್. ಇದೆಯೇ ಎಂದು ನೋಡುವುದನ್ನು ಕಲಿಸಿದ್ದೇವೆ. ಆ ಹಾಳೆ ಮನೆಯ ಕ್ಯಾಲೆಂಡರಿನ ಪಕ್ಕದಲ್ಲಿ ನೇತಾಡುತ್ತದೆ. ಹುಡುಕುವ ಅಗತ್ಯವೇ ಬೀಳದವನಿಗೆ ಹುಡುಕಾಟದ ಮೋಸವೂ ಇಲ್ಲ.

ವಾಚಕ ಬಂಧುಗಳೇ, ಈ ತಿಂಗಳು ಒಂದು ಭಾನುವಾರ ಅರ್ಧ ಗಂಟೆಯನ್ನು ಇದಕ್ಕಾಗಿ ತೆಗೆದಿಡಿ. ಮಕ್ಕಳನ್ನು ಪಕ್ಕಕ್ಕೆ ಕರೆದುಕೊಳ್ಳಿ. ಅವರಿಗೆ ನಮಗಿಂತ ಬೇಗ ತಿಳಿಯುತ್ತದೆ ಎಂದು ಒಪ್ಪಿಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ಮತ್ತೆ, ಹಣ ಕಳೆದುಕೊಂಡವರು ನಿಮ್ಮ ಮನೆಯಲ್ಲಿದ್ದರೆ ದಯಮಾಡಿ ಗದರಬೇಡಿ. ನಮ್ಮ ರೈತರು ನಾಚಿಕೆಯಿಂದ ಬಚ್ಚಿಟ್ಟ ಆ ಒಂದು ಹಗಲೇ ಅವರ ಹಣವನ್ನು ಕೈಗೆ ಸಿಗದಂತೆ ದೂರ ಒಯ್ದಿತೆಂದು ನನಗೆ ಇಂದಿಗೂ ತೋರುತ್ತದೆ.

ಮುಂದಿನ ತಿಂಗಳು ಮತ್ತೆ ಭೇಟಿಯಾಗೋಣ.