ಬಾಣ ಅದೇ, ಹಾಡು ಬೇರೆ

ಕಳೆದ ತಿಂಗಳು ಶಿವಮೊಗ್ಗದಿಂದ ಭದ್ರಾವತಿಯ ಶಾಲೆಯೊಂದಕ್ಕೆ ಪಾಠ ವೀಕ್ಷಣೆಗೆ ಹೋಗಿದ್ದೆ. ಪ್ರಶಿಕ್ಷಣಾರ್ಥಿಯೊಬ್ಬರು ಬೆಂಚುಗಳನ್ನು ಪಕ್ಕಕ್ಕೆ ಸರಿಸಿ, ನೆಲದ ಮೇಲೆ ಸೀಮೆಸುಣ್ಣದಿಂದ ನಾಲ್ಕು ಬಾಣ ಬರೆದು, ಮೊಬೈಲಿನಲ್ಲಿ ಇಂಗ್ಲಿಷ್ ಹಾಡು ಹಾಕಿ, ತಾಳಕ್ಕೆ ಸರಿಯಾಗಿ ಬಾಣ ತುಳಿಯಲು ಹೇಳಿದರು. ಮಕ್ಕಳು ಒಬ್ಬರ ಕಾಲನ್ನು ಒಬ್ಬರು ನೋಡುತ್ತ ನಿಂತರು. ಅಷ್ಟರಲ್ಲಿ ಹುಡುಗನೊಬ್ಬ ಬೆಂಚಿನ ಮೇಲೆ ಡೊಳ್ಳಿನ ಪೆಟ್ಟು ಬಾರಿಸಿದ. ಕಾಲುಗಳು ತಾವಾಗಿಯೇ ಬಾಣ ಹುಡುಕಿಕೊಂಡವು. ಅವರು ಅವನನ್ನು ಗದರಿ ಕೂರಿಸಿದರು. ನಾನೂ ‘ತರಗತಿ ನಿಯಂತ್ರಣ ಉತ್ತಮ’ ಎಂದು ಬರೆದೆ. ಆ ಷರಾ ತಪ್ಪು.

ಈ ಚಟುವಟಿಕೆಯ ಮೂಲ ಜಪಾನಿನ ಕೊನಾಮಿ ಕಂಪನಿಯ ‘ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್’. 1998ರಲ್ಲಿ ನಾಣ್ಯ ಹಾಕಿ ಆಡುವ ಯಂತ್ರವಾಗಿ ಬಂದದ್ದು 1999ರಲ್ಲಿ ಪ್ಲೇಸ್ಟೇಷನ್ ಮೂಲಕ ಜಪಾನಿನ ಮನೆಗಳನ್ನು ಸೇರಿತು. ಅಮೆರಿಕದ ಮನೆ ಆವೃತ್ತಿ 2001ರಲ್ಲಿ. ಯುರೋಪಿನಲ್ಲಂತೂ ಹೆಸರೇ ‘ಡ್ಯಾನ್ಸಿಂಗ್ ಸ್ಟೇಜ್’. ಕಾಲಡಿಯ ನಾಲ್ಕು ಬಾಣ ಎಲ್ಲೆಡೆ ಒಂದೇ, ಹಾಡುಗಳ ಪಟ್ಟಿ ಮಾತ್ರ ಪ್ರದೇಶಕ್ಕೊಂದು. (ಹಾಡಿನ ಹಕ್ಕುಗಳ ಲೆಕ್ಕಾಚಾರವೂ ಅದರಲ್ಲಿತ್ತೆನ್ನಿ.) 2006ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯ ಇದನ್ನು ಸರ್ಕಾರಿ ಶಾಲೆಗಳ ದೈಹಿಕ ಶಿಕ್ಷಣಕ್ಕೂ ತರಲು ಹೊರಟಿತು.

ಮಾರಾಟಕ್ಕೆ ಹೊರಟವರಿಗೆ ಹೊಳೆದದ್ದು ಪಾಠಯೋಜನೆ ಬರೆಯುವ ನಮಗೇಕೆ ಹೊಳೆಯದು? ಹಿರಿಯರ ಕಡತದಿಂದ ಚಟುವಟಿಕೆಯನ್ನು ಹಾಡಿನ ಸಮೇತ ನಕಲಿಸುತ್ತೇವೆ. ಕಾರ್ಖಾನೆಯ ಊರಾದ ಭದ್ರಾವತಿಯಲ್ಲಿ ತಮಿಳು, ತೆಲುಗು, ಉರ್ದು ಮನೆಗಳ ಮಕ್ಕಳೂ ಇದ್ದಾರೆ. ಡೊಳ್ಳೊಂದೇ ಉತ್ತರ ಎನ್ನಲಾರೆ. ಹಿಂದಿನ ದಿನವೇ ಮಕ್ಕಳನ್ನು ಕೇಳಿ ಹಾಡು ಆರಿಸಬೇಕು. ವೀಕ್ಷಣಾ ನಮೂನೆಯಲ್ಲಿ ಅದಕ್ಕೊಂದು ಅಂಕಣ ಬೇಕು. ಬರುವವರೆಗೆ ಷರಾ ಜಾಗದಲ್ಲೇ ಬರೆಯುತ್ತೇನೆ. ಆ ಪ್ರಶಿಕ್ಷಣಾರ್ಥಿಗೆ ಕೊಟ್ಟ ಹಾಳೆಯನ್ನು ವಾಪಸ್ ಕೇಳಿದ್ದೇನೆ.